ಅಳಿಸಲು ಬಿಡದ ಶಬನಮ

ಮುಂಬೈಯ ಗೋರೆಗಾಂವ್ ಸ್ಟೇಷನ್ನಿನ ಹೊರಗೆ ಚಹಾದಂಗಡಿಗಳು ಒಲೆ ಹಚ್ಚುವ ಹೊತ್ತಿಗೇ ಶಬನಮ ಕೆಲಸಕ್ಕೆ ಕೂತಾಗಿದೆ. ಧಾರಾವಾಹಿ, ಸಾಕ್ಷ್ಯಚಿತ್ರಗಳ ಸಂಕಲನ ನಡೆಯುವ ಸ್ಟುಡಿಯೊ ಇದು. ಚಿತ್ರೀಕರಿಸಿ ತಂದದ್ದೆಲ್ಲ ತುಂಬಿರುವ ಸರ್ವರ್ ಕೋಣೆಯಲ್ಲಿ ಎಸಿ ಕೊರೆಯುತ್ತದೆ. ಅದನ್ನು ನೋಡಿಕೊಳ್ಳುವ ಶಬನಮ ಸ್ವೆಟರ್ ಹಾಕಿಕೊಂಡೇ ಪರದೆ ನೋಡುತ್ತಾರೆ. ಫೈಲುಗಳನ್ನು ಜೋಡಿಸಿಡುವ ಎಐ ಏಜೆಂಟ್ ಎಂಬ ಸಾಫ್ಟ್‌ವೇರ್ ಏನೇನು ಅನುಮತಿ ಕೇಳಿದೆ ಎಂದು ಓದುವುದು ದಿನದ ಮೊದಲ ಕೆಲಸ. ಅದು ಫೈಲುಗಳನ್ನು ಓದಬಹುದು, ನಕಲು ಮಾಡಬಹುದು, ಬೇರೆಡೆ ಸರಿಸಬಹುದು. ಅಳಿಸುವ ಹಾಗಿಲ್ಲ. ಆ ಅಧಿಕಾರವನ್ನು ಅದರಿಂದ ಕಿತ್ತುಕೊಂಡವರು ಇವರೇ.

ವಿಜಯಪುರದಿಂದ ಬಂದ ಅಪ್ಪ ಗೌಸ, ಶೂಟಿಂಗ್ ಲೈಟು ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಮಗಳು ಕಾಲೇಜಿನ ಜೊತೆಗೇ ಸಾಂತಾಕ್ರೂಜ್‌ನ ಮದುವೆ ವಿಡಿಯೊ ಅಂಗಡಿಯಲ್ಲಿ ದುಡಿದರು. ಅಲ್ಲೊಮ್ಮೆ ಜಾಗ ಖಾಲಿ ಮಾಡುವ ಸಾಫ್ಟ್‌ವೇರ್ ಇಡೀ ಒಂದು ಮದುವೆಯನ್ನೇ ಒರೆಸಿಹಾಕಿತು. ಮದುಮಗಳ ತಾಯಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಸಂಜೆತನಕ ಕೂತಿದ್ದರು.

“ಮಶೀನಿನ ತಪ್ಪು ಅಂದ್ರು ನಮ್ಮ ಮಾಲಕರು. ಮಶೀನು ಬಂದು ಆ ತಾಯಿ ಮುಂದ ನಿಂದರಲಿಲ್ಲರಿ. ನಾವು ನಿಂತಿವಿ,” ಎನ್ನುತ್ತಾರೆ ಶಬನಮ.

ಹೋದ ವರ್ಷ ಈ ಸ್ಟುಡಿಯೊಗೆ ಏಜೆಂಟ್ ಬಂದಾಗ ಅಳಿಸುವ ಅಧಿಕಾರವೂ ಅದರ ಜೊತೆಗೇ ಬಂದಿತ್ತು. ಶಬನಮ ಮೊದಲ ದಿನವೇ ಅದನ್ನು ತೆಗೆದರು. ಮುಂದೆ ಹೊಸ ಧಾರಾವಾಹಿ ಶುರುವಾಗಿ ಜಾಗ ಸಾಲದಾಯಿತು. ಏಜೆಂಟ್ ಒಂದು ದೊಡ್ಡ ಫೋಲ್ಡರ್ ತೋರಿಸಿ, ತಿಂಗಳುಗಟ್ಟಲೆ ಯಾರೂ ಇದನ್ನು ತೆರೆದಿಲ್ಲ, ಅಳಿಸಲೇ ಎಂದು ಕೇಳಿತು. ಮಂಗಳೂರು ಕಡೆಯ ಮ್ಯಾನೇಜರ್ ಧನರಾಜ್ ಮೇಜಿನ ಬಳಿಗೇ ಬಂದರು.

“ಪರ್ಮಿಷನ್ ಕೊಟ್ಟುಬಿಡು ಮಾರಾಯ್ತಿ. ಪ್ರತಿಯೊಂದಕ್ಕೂ ನಿನ್ನನ್ನು ಕೇಳ್ಬೇಕಾದ್ರೆ ಏಜೆಂಟ್ ಯಾಕೆ ಮತ್ತೆ?”

“ಕೊಡೂದಿಲ್ರಿ ಸರ್.”

“ಓನರ್ ಸೇಠ್‌ಗೆ ಹೇಳ್ಬೇಕಾಗ್ತದೆ.”

“ಹೇಳ್ರಿ. ನನ್ನ ಕೆಲಸದಿಂದ ತೆಗೆಯೂ ಹಕ್ಕು ಅವರಿಗೈತಿ. ಇಲ್ಲಾಂದ್ರ ನೀವೇ ಲಾಗಿನ್ ಆಗಿ ನಿಮ್ಮ ಹೆಸರಿನ್ಯಾಗ ಕೊಡ್ರಿ. ನಾ ಅಡ್ಡ ಬರೂದಿಲ್ಲ.”

ಎದ್ದು ಕುರ್ಚಿ ಬಿಟ್ಟುಕೊಟ್ಟರು. ಧನರಾಜ್ ಕೂತು ಪಾಸ್‌ವರ್ಡ್ ಹೊಡೆದರು. ಫೋಲ್ಡರಿನ ಹೆಸರು ಓದಿ, “ಇದು ಯಾರ ಪ್ರಾಜೆಕ್ಟು?” ಎಂದರು. ಇಬ್ಬರಿಗೂ ಗೊತ್ತಿರಲಿಲ್ಲ.

ನಾಲ್ಕಾರು ಕಡೆ ಫೋನು ಮಾಡಿದ ಮೇಲೆ ತಿಳಿಯಿತು. ಲೋಕಲ್ ರೈಲಿನಲ್ಲಿ ಹಾಡುತ್ತ ಹೋಗುವ ಭಜನಾ ಮಂಡಳಿಗಳ ಸಾಕ್ಷ್ಯಚಿತ್ರವದು. ಸಂಕಲನ ಮಾಡುತ್ತಿದ್ದ ಶಿವಕುಮಾರಿ ಹೆರಿಗೆ ರಜೆಯಲ್ಲಿದ್ದರು. ಹಾಗಾಗಿಯೇ ಯಾರೂ ತೆರೆದಿರಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. ಧನರಾಜ್ ಲಾಗೌಟ್ ಮಾಡಿ ಹೋದರು. ಸಂಜೆ ಹೊಸ ಡಿಸ್ಕ್ ತರಿಸಿದರು.

ಈಗ ಆಯಾ ಪ್ರಾಜೆಕ್ಟಿನವರನ್ನು ಕೇಳದೆ, ಇಬ್ಬರು ಮನುಷ್ಯರು ಒಪ್ಪದೆ ಅಲ್ಲಿ ಏನೂ ಅಳಿಯುವುದಿಲ್ಲ. ಅವಸರದ ಸಹೋದ್ಯೋಗಿಗಳು ಶಬನಮ ಅವರನ್ನು ಸ್ಪೀಡ್ ಬ್ರೇಕರ್ ಎನ್ನುತ್ತಾರೆ. ಏನೂ ಕಳೆದುಹೋಗದ ದಿನ ಅವರನ್ನು ನೆನೆಯುವವರೂ ಇಲ್ಲ.

“ಏಜೆಂಟ್ ಮ್ಯಾಲ ಸಿಟ್ಟಿಲ್ಲರಿ. ಹುಡುಕೂದು ನನಗಿಂತ ಚಂದ ಹುಡುಕತೈತಿ. ಬ್ಯಾಡ ಅಂದ್ರ ಸುಮ್ನಾಗತೈತಿ. ಮತ್ತ ಮತ್ತ ಕೇಳೂದು ಮನಷ್ಯಾರೇ.”

ಮತ್ತೆ ಕೇಳುವ ಹೊತ್ತು ಬಂದಿದೆ. ಏಜೆಂಟಿನ ಹೊಸ ಆವೃತ್ತಿ ತಪ್ಪೇ ಮಾಡುವುದಿಲ್ಲ, ಎಲ್ಲ ಅಧಿಕಾರ ಕೊಡಿ ಎಂದು ಅದನ್ನು ಮಾರುವವರು ಹೇಳಿದ್ದಾರಂತೆ. ಮುಂದಿನ ವಾರ ಸೇಠ್ ಮುಂದೆ ಮೀಟಿಂಗ್. ಏನು ಹೇಳುತ್ತೀರಿ ಎಂದರೆ ಶಬನಮ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

“ಕೊಡೂದಿಲ್ಲ ಅಂತೀನಿ. ಹೋದ ವರ್ಷ ಒಬ್ಬಾಕಿನ ಅಂದಿದ್ದೆ. ಶಿವಕುಮಾರಿ ಡ್ಯೂಟಿಗೆ ಬಂದಾಳ. ಈ ಸಲ ಆಕಿನೂ ಬಾಜೂಕ ಕೂಡತಾಳ.”