ಕಪ್ಪು ಅಂಚು
ತನ್ನ ಹೆಂಡತಿಯ ತಮ್ಮ ಹಳೇ ಪ್ರಿಂಟರುಗಳ ಮೋಟಾರು ಬಿಚ್ಚಿ, ಕಂಪ್ಯೂಟರು ಹೇಳಿದಂತೆ ಮರ ಕತ್ತರಿಸುವ ಲೇಸರ್ ಯಂತ್ರವನ್ನು ಮಹಡಿಯ ಕೋಣೆಯಲ್ಲೇ ಕಟ್ಟಿಕೊಂಡಂದಿನಿಂದ, ಕೆಳಗಿನ ಅಂಗಡಿಯಲ್ಲಿ ಮರದ ನಾಮಫಲಕ ಕೆತ್ತುವ ಭಾವನ ಹೊಟ್ಟೆಗೆ ಬೆಂಕಿ ಬಿದ್ದಿದೆ. ಉಳಿ ಕೆಳಗಿಟ್ಟು ಗಳಿಗೆಗೊಮ್ಮೆ ಮೆಟ್ಟಿಲು ಹತ್ತುತ್ತಾನೆ. "ಬೆಲ್ಟು ಸಡಿಲ ಆಗಿದೆ ನೋಡೋ," ಎನ್ನುತ್ತಾನೆ, ಆಗಿರುವುದಿಲ್ಲ. "ಅಕ್ಷರಕ್ಕೆ ಜೀವ ಬೇಕಪ್ಪ, ಇದು ಬರೀ ಸುಟ್ಟ ಗಾಯ," ಎಂದು ಮೂಗು ಮುರಿಯುತ್ತಾನೆ. ಹೆಂಡತಿ ತಮ್ಮನನ್ನು ಹೊಗಳಿದ ದಿನ ಅವನಿಗೆ ಊಟವೇ ಸೇರುವುದಿಲ್ಲ. ಆದರೆ ಸಂಜೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ತಾನೇ ಕೆತ್ತಿದ ಅಕ್ಷರಗಳ ಅಂಚನ್ನು ಕಾದ ಕಂಬಿಯಿಂದ ನವಿರಾಗಿ ಕಪ್ಪು ಮಾಡುತ್ತಾನೆ. "ಎಷ್ಟು ನೀಟಾಗಿದೆ, ಲೇಸರಿಂದಾ?" ಎಂದು ಗಿರಾಕಿ ಕೇಳಿದರೆ, ಉಳಿ ಹಿಡಿದು ಜಡ್ಡುಗಟ್ಟಿದ ಕೈಯನ್ನು ಜೇಬಿಗೆ ತುರುಕಿ, "ಹೂಂ, ಲೇಸರಿಂದೇ," ಎನ್ನುತ್ತಾನೆ.