ಬೆನ್ನಿಗೆ ಕಟ್ಟಿದ ಗಂಟು

ಐವತ್ತರ ದಶಕದ ಕೊನೆಯ ಮಾತು. ಚಂದ್ರಗುತ್ತಿಯ ಗುಡ್ಡ ಹತ್ತಿ ಒಂದು ರಾತ್ರಿ ತುದಿಯಲ್ಲೇ ತಂಗಿ ಬರಲು ಅಣ್ಣ, ಸೋದರಮಾವ ಇಬ್ಬರೂ ಸಿದ್ಧರಾದರು. ನನಗಾಗ ಹದಿನೆಂಟು. ನಾನೂ ಬರುತ್ತೇನೆಂದು ಎರಡು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ. ಶಿಕಾರಿಪುರದ ನಮ್ಮ ಕೇರಿಯ ಹೆಂಗಸರು ಆ ಗುಡ್ಡದ ದೇವಸ್ಥಾನದವರೆಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬರುತ್ತಿದ್ದರೇ ಹೊರತು ತುದಿಯ ಮಾತೆತ್ತುತ್ತಿರಲಿಲ್ಲ.

"ಗುಡ್ಡ ಹತ್ತೋದು ಅಂದ್ರೆ ಕೆರೆಯಿಂದ ನೀರು ತಂದಂಗಲ್ಲ" ಎಂದ ಅಣ್ಣ.

"ಅದನ್ನಾದ್ರೂ ನೀನು ಯಾವತ್ತು ತಂದೀಯ?" ಎಂದೆ.

ಅಪ್ಪ ನಕ್ಕುಬಿಟ್ಟರು. ಅಲ್ಲಿಗೆ ಅರ್ಧ ಗೆದ್ದೆ. ಉಳಿದರ್ಧಕ್ಕೆ ಷರತ್ತು ಬಿತ್ತು. "ನಿನ್ನ ಗಂಟು ನೀನೇ ಹೊರಬೇಕು. ಒಂದು ಸಲ ಇವರ ಕೈಗೆ ಕೊಟ್ಟೆಯೋ, ಮೂರೂ ಜನ ಅಲ್ಲಿಂದ್ಲೇ ವಾಪಸ್."

ಕಂಬಳಿ, ಖಡಕ್ ರೊಟ್ಟಿ, ಚಟ್ನಿಪುಡಿ, ತಂಬಿಗೆ, ಇನ್ನೊಂದು ಸೀರೆ. ಎಲ್ಲ ಸೇರಿಸಿ ಗಂಟು ಕಟ್ಟಿ, ಸಿಂಬಿಯ ಮೇಲೆ ತಲೆಗಿಟ್ಟುಕೊಂಡೆ. ನೀರು, ಹುಲ್ಲು, ಸೌದೆ ಎಲ್ಲವನ್ನೂ ತಲೆಯ ಮೇಲೇ ಹೊತ್ತವರಿಗೆ ಬೇರೆ ದಾರಿ ಹೊಳೆಯುವುದಾದರೂ ಹೇಗೆ? ಸೊರಬದಲ್ಲಿ ಬಸ್ಸಿಳಿದು ನಡೆದೆವು. ದೇವಸ್ಥಾನದವರೆಗೆ ಅವರಿಬ್ಬರಿಗಿಂತ ನಾನೇ ಮುಂದೆ.

ಆಮೇಲೆ ಬಂಡೆ ಶುರುವಾಯಿತು. ಎರಡೂ ಕೈಯೂರಿ ಹತ್ತಬೇಕು, ನನ್ನ ಒಂದು ಕೈ ಗಂಟಿಗೇ ಮೀಸಲು. ಕಾಲು ಜಾರಿತು, ಮೊಣಕಾಲು ತರಚಿತು. ಮಾವ ಕೈಚಾಚಿದರು. "ಇತ್ಲಾಗೆ ಕೊಡು ತಾಯೀ. ನಿಮ್ಮಪ್ಪನ ಮುಂದೆ ಯಾರೂ ಬಾಯಿಬಿಡಲ್ಲ."

ಕೊಟ್ಟುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮಾವನ ಹಿಂದೆ ಅಣ್ಣ ನಾನು ಕೊಡುವುದನ್ನೇ ಕಾಯುತ್ತ ನಿಂತಿದ್ದ. ಅವನ ಮುಖ ನೋಡಿ ಮೈಯೆಲ್ಲ ಉರಿಯಿತು. ಗಂಟು ಇಳಿಸಿ ಕೂತೆ. ನಮ್ಮ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ಬಗ್ಗಿರುತ್ತಿದ್ದುದು ನೆನಪಾಯಿತು. ಗಂಟಿನೊಳಗಿನ ಸೀರೆ ತೆಗೆದು, ಅದರಿಂದ ಹಾಗೆಯೇ ಗಂಟನ್ನು ಬೆನ್ನಿಗೆ ಬಿಗಿದು, ಎದೆಯ ಮೇಲೆ ಅದರ ತುದಿಗಳನ್ನು ಕಟ್ಟಿದೆ. ಎರಡೂ ಕೈ ಬಿಡುವಾದವು.

"ಕೂಸು ಹೆಣ್ಣೋ ಗಂಡೋ?" ಎಂದು ಅಣ್ಣ ಹಲ್ಲು ಕಿಸಿದ. ಮುಂದಿನ ಬಂಡೆಗೆ ಕೈಯೂರಿದೆ. ಉಸಿರು ಗುಡ್ಡಕ್ಕೆ ಬೇಕಿತ್ತು.

ತುದಿ ಮುಟ್ಟಿದ್ದು ನಾನೇ ಮೊದಲು. ಸೊರಬದ ಗದ್ದೆಗಳು, ಕೆರೆಗಳು ಎಲ್ಲ ಕಾಲ ಕೆಳಗಿದ್ದವು. ನಮ್ಮ ಊರು ಕಾಣಲಿಲ್ಲ. ಕಂಡಿತೆಂದು ಹೇಳಿದೆ. ಬಂಡೆಗೆ ಒರಗಿ ಒರಗಿ ಬಂದದ್ದರಿಂದ ರೊಟ್ಟಿಯೆಲ್ಲ ಪುಡಿಯಾಗಿತ್ತು. ಚಟ್ನಿಪುಡಿ ಕಲಸಿ ಮುಕ್ಕಿದೆವು. ಅಷ್ಟು ರುಚಿಯ ಊಟ ಇಂದಿಗೂ ಉಂಡಿಲ್ಲ.

ಬೆಳಿಗ್ಗೆ ಇಳಿಯುವಾಗ ಅಣ್ಣನ ಬಗಲಚೀಲ ಪ್ರತಿ ಹೆಜ್ಜೆಗೂ ಮುಂದಕ್ಕೆ ಬಂದು ಕಾಲಿಗೆ ಅಡ್ಡವಾಗುತ್ತಿತ್ತು. ಎರಡು ಸಲ ಬಿದ್ದ. ಮೂರನೆಯ ಸಲ ಎದ್ದವನು ತನ್ನ ಪಂಚೆಯೊಂದನ್ನು ನನ್ನ ಕೈಗಿಟ್ಟು, ಬೇರೆಲ್ಲೋ ನೋಡುತ್ತ, "ಈ ಚೀಲಾನೂ ನನ್ನ ಬೆನ್ನಿಗೆ ಹಂಗೇ ಕಟ್ಟು" ಎಂದ. ಕಟ್ಟಿದೆ, ಬೇಕೆಂದೇ ಕೊಂಚ ಬಿಗಿಯಾಗಿ.

ಮನೆ ಸೇರಿದಾಗ ಅಪ್ಪ ನನ್ನನ್ನು ಕೇಳಲಿಲ್ಲ, ಅಣ್ಣನನ್ನು ಕೇಳಿದರು. "ಹೊತ್ತಳೇನೋ?"

ಅಣ್ಣ ಚೀಲ ಕೆಳಗಿಟ್ಟ. "ಹೊತ್ತಳು. ನನಗೂ ಹೊರೋದು ಕಲಿಸಿದಳು."