ಎಡಗಡೆಯ ಎತ್ತಿನ ಮೇಲೆ ಹೊರಿಸಿದ್ದು

ಅಣ್ಣನ ಗಾಡಿ ಓಟ ಮುಗಿಸಿ ನನ್ನತ್ತ ಬರುತ್ತಿದ್ದಾಗ ನಾನು ಎತ್ತುಗಳನ್ನು ಕೂಗಲಿಲ್ಲ. ಕೂಗುವುದೊಂದೇ ನನ್ನ ಕೆಲಸವಾಗಿತ್ತು.

ಎತ್ತಿನಗಾಡಿ ಓಟದ ಕೊನೆಯಲ್ಲಿ ಮನೆಯವರೊಬ್ಬರು ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಓಟಕ್ಕೆ ಬಿದ್ದ ಎತ್ತುಗಳು ಓಡಿಸುವವನ ಹಗ್ಗಕ್ಕೆ ಬಗ್ಗುವುದಿಲ್ಲ. ದಿನಾ ಮೇವು ಹಾಕುವವನ ದನಿಗೆ ನಿಲ್ಲುತ್ತವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮಧುವನಹಳ್ಳಿಯ ನಮ್ಮ ಕೊಟ್ಟಿಗೆಯಲ್ಲೇ ಬೆಳೆದವನು. "ಇವ್ನು ಕೂಗುದ್ರೆ ಎತ್ತೇನ್ಲಾ, ಕೊಳ್ಳೇಗಾಲದ್ ಬಸ್ಸೂ ನಿಂತ್ಕತದೆ," ಎಂದು ಅಣ್ಣ ಗೆಳೆಯರೆದುರು ನಗುತ್ತಿದ್ದ. ಸುತ್ತಲಿನ ತಾಲ್ಲೂಕುಗಳಲ್ಲಿ ಅವನನ್ನು ಸೋಲಿಸುವ ಗಾಡಿ ಇರಲಿಲ್ಲ.

ಮಾಂಬಳ್ಳಿ ಕಡೆಯ ಬಯಲಲ್ಲಿ ಅವತ್ತೂ ಅವನೇ ಗೆದ್ದ. ಗೆರೆ ದಾಟಿದ ಗಾಡಿ ನೇರ ನನ್ನ ಎದೆಗೇ ಬಂದಂತೆ ಕಂಡಿತು. ಕೂಗದೇ ಪಕ್ಕಕ್ಕೆ ಹಾರಿದೆ. ಧೂಳಿನಲ್ಲಿ ಅದು ಯಾರಿಗೂ ಕಾಣಲಿಲ್ಲ. ಗಾಡಿ ಬದು ಹತ್ತಿ ಮಗುಚಿತು. ಅಣ್ಣನ ಮೊಣಕಾಲು ಚಕ್ರದಡಿ ನುಚ್ಚಾಯಿತು.

ಆಸ್ಪತ್ರೆಯಲ್ಲಿ ಅವನು ಕೇಳಿದ: "ಏನಾಯ್ತ್ಲಾ?"

"ಎಡಗಡೇದು ನನ್ ಮಾತೇ ಕೇಳ್ನಿಲ್ಲ ಕಣಣ್ಣ," ಅಂದೆ.

ಆ ಎತ್ತು ಎಳೆಗರುವಾಗಿದ್ದಾಗಲೇ ಅದರ ತಾಯಿ ಸತ್ತಿತ್ತು. ಅಣ್ಣನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ. ಆಸ್ಪತ್ರೆಯಿಂದ ಬಂದವನು ಅದನ್ನು ಮಾರಿಸಿದ. ಕೊಂಡವನು ಬಂದಾಗ ಅಣ್ಣ ಒಳಗಿನಿಂದ ಎದ್ದು ಬರಲಿಲ್ಲ. ಟೆಂಪೊಗೆ ಹತ್ತಿಸಿದವನು ನಾನು. "ಬಾ" ಎಂದೆ. ಅಷ್ಟಕ್ಕೇ ಹತ್ತಿಬಿಟ್ಟಿತು.

ಮತ್ತೆ ಗಾಡಿ ಓಡಿಸಲಾಗದ ಅಣ್ಣ, ಓಟವಾದರೂ ಉಳಿಯಲಿ ಎಂದು ಹನೂರು, ಯಳಂದೂರು ಸುತ್ತತೊಡಗಿದ. ಹುಡುಗರಿಗೆ ಕಲಿಸುತ್ತಾನೆ, ಅನುಮತಿಗಾಗಿ ಆಫೀಸುಗಳಿಗೆ ಅಲೆಯುತ್ತಾನೆ, ಎತ್ತಿಗೆ ಚುಚ್ಚಲು ಮೊಳೆ ಹೊಡೆದ ಕೋಲು ಕಂಡರೆ ಕಿತ್ತು ಬಿಸಾಡುತ್ತಾನೆ. ಅವನ ಚೀಲ ಹಿಡಿದು ಜೊತೆಗೆ ನಾನು. ಎಲ್ಲೆಡೆ ಅವನದು ಒಂದೇ ಮಾತು: "ಓಡ್ಸೋನು ದೊಡ್ಡೋನಲ್ಲ ಕಣ್ರಲಾ, ಕೊನೇಲಿ ನಿಂತ್ಕಳ್ತಾನಲ್ಲ, ಅವ್ನು ದೊಡ್ಡೋನು. ನಮ್ ತಮ್ಮ ನಿಂತಿದ್ದ." ಹುಡುಗರು ನನ್ನತ್ತ ನೋಡುತ್ತಾರೆ. ನಾನು ನೆಲ ನೋಡುತ್ತೇನೆ.

ಕಳೆದ ತಿಂಗಳು ಹನೂರಿನಲ್ಲಿ, ಅಣ್ಣನ ಕಾಲಿನ ಕಥೆ ತಿಳಿದಿದ್ದ ಹುಡುಗನೊಬ್ಬ ಕೇಳಿದ: "ಅಂತಾ ಕೆಟ್ ಎತ್ತ ಯಾಕ್ ಕಟ್ಟಿದ್ರಿ ಸಾ?"

ಅಣ್ಣ ಹೇಳಿದ: "ಕೈಯಾರ ಸಾಕಿದ್ದೆ ಕಣಪ್ಪ. ಅದ್ಯಾಕೆ ನನ್ ಮೇಲೆ ಮುನಿಸ್ಕತೋ, ಇವತ್ಗೂ ಗೊತ್ತಾಗ್ನಿಲ್ಲ."

ನಾನು ಎದ್ದು ನಿಂತೆ, ಎಲ್ಲರ ಎದುರಿಗೇ.

"ಅದು ಮುನಿಸ್ಕನಿಲ್ಲ ಕಣಣ್ಣ. ನಾನ್ ಕೂಗ್ನೇ ಇಲ್ಲ. ಎದ್ರಿಕೆ ಆಗಿ ಪಕ್ಕಕ್ಕೋದೆ. ನಿನ್ ಕಾಲೂ ಓಯ್ತು, ನೀ ಸಾಕಿದ್ ಎತ್ತೂ ಓಯ್ತು. ತಪ್ಪಾಯ್ತಣ್ಣ, ನಂದೇ ತಪ್ಪು."